ನಂದಿಬೆಟ್ಟದ ಮೂಲೆ ಅಂಗಡಿಗಳು: ಚುರುಮುರಿ ಇರಲಿ, ಪೇಪರ್ ಪೊಟ್ಟಣ ಬೇಡ

ನಂದಿಬೆಟ್ಟದ ತಿಂಡಿ ಬಗ್ಗೆ ಕೇಳಿದರೆ ಎರಡೇ ಮಾತು ಬರುತ್ತವೆ. ಒಂದು, "ಮೇಲೆ ತಿನ್ನೋಕೆ ಏನೂ ಸಿಗಲ್ಲ". ಇನ್ನೊಂದು, "ಮೊದಲಿನ ಥರ ಇಲ್ಲ ಬಿಡಿ". ಮೊದಲನೆಯದು ಸುಳ್ಳು. ಎರಡನೆಯದು ಅರ್ಧ ನಿಜ. ಮೊದಲಿದ್ದದ್ದರಲ್ಲಿ ಕೆಲವು ಹೋಗಿದ್ದು ನಷ್ಟವೇ, ಇನ್ನು ಕೆಲವು ಹೋಗಿದ್ದೇ ಒಳ್ಳೆಯದಾಯಿತು. ಯಾವುದು ಯಾವುದು ಎಂದು ವಿಂಗಡಿಸದೆ ಎಲ್ಲದಕ್ಕೂ ನಿಟ್ಟುಸಿರು ಬಿಡುವುದರಲ್ಲಿ ಅರ್ಥವಿಲ್ಲ.

ಬೆಟ್ಟದ ಮೇಲೆ ಪ್ರವಾಸೋದ್ಯಮ ನಿಗಮದ ಹೋಟೆಲ್ ಇದೆ, ಕೂತು ಊಟ ಮಾಡುವವರಿಗೆ ಅದು. ಪಾರ್ಕಿಂಗ್ ಕಡೆ ಸಾಲು ಅಂಗಡಿಗಳಿವೆ. ಇಲ್ಲಿ ಹೇಳುತ್ತಿರುವುದು ಇವೆರಡರ ಮಾತಲ್ಲ. ಗೋಡೆ ತಿರುವಿನಲ್ಲೋ ಮರದ ಬುಡದಲ್ಲೋ ಒಂದು ಡಬ್ಬ, ಒಂದು ಬುಟ್ಟಿ, ಹೆಚ್ಚೆಂದರೆ ಒಂದು ಒಲೆ ಇಟ್ಟುಕೊಂಡು ಒಂದೋ ಎರಡೋ ಐಟಂ ಮಾಡುವವರ ಮಾತು. ಇವಕ್ಕೆ ಹೆಸರಿಲ್ಲ, ಬೋರ್ಡಿಲ್ಲ, ಜಾಗವೂ ಖಾಯಂ ಅಲ್ಲ. ಗುರುತು ಒಂದೇ: ಐಟಂ ಕಡಿಮೆ ಇದ್ದಷ್ಟೂ ತಿಂಡಿ ಚೆನ್ನಾಗಿರುತ್ತದೆ. ಮ್ಯಾಗಿ, ಆಮ್ಲೆಟ್, ಬಜ್ಜಿ, ಫ್ರೈಡ್ ರೈಸ್, ಗೋಬಿ ಎಲ್ಲ ಬರೆದ ಅಂಗಡಿಯಲ್ಲೂ ಒಲೆ ಒಂದೋ ಎರಡೋ ಅಷ್ಟೇ ಇರುತ್ತದೆ. ಹಾಗಾಗಿ ಅರ್ಧ ಮಾಡಿಟ್ಟದ್ದನ್ನೇ ಬಿಸಿ ಮಾಡಿ ಕೊಡಬೇಕಾಗುತ್ತದೆ. ಬರೀ ಚುರುಮುರಿ ಕಲಸುವ ಅಕ್ಕನಿಗೆ ಆ ತಾಪತ್ರಯ ಇಲ್ಲ. ನೀವು ಕೇಳಿದ ಮೇಲೆಯೇ ಈರುಳ್ಳಿ ಹೆಚ್ಚುತ್ತಾರೆ.

ಚುರುಮುರಿಯಿಂದಲೇ ಶುರು ಮಾಡೋಣ, ಬೆಟ್ಟದ ಮೇಲೆ ತಿನ್ನಲೇಬೇಕಾದದ್ದು ಅದೊಂದೇ. ಒಬ್ಬರಿಗೆ ಎರಡು ಹಿಡಿ ಪುರಿ, ಒಂದು ಚಮಚ ಕೊಬ್ಬರಿ ಎಣ್ಣೆ, ಅರ್ಧ ಚಮಚ ಅಚ್ಚಖಾರದ ಪುಡಿ, ಉಪ್ಪು, ಸಣ್ಣಗೆ ಹೆಚ್ಚಿದ ಅರ್ಧ ಈರುಳ್ಳಿ, ತುರಿದ ಕ್ಯಾರೆಟ್, ಹುರಿದ ಕಡ್ಲೆಕಾಯಿ ಬೀಜ, ಕೊತ್ತಂಬರಿ, ಕಾಲು ಹೋಳು ನಿಂಬೆಹಣ್ಣು. ರುಚಿ ಇರುವುದು ಲೆಕ್ಕದಲ್ಲಲ್ಲ, ಯಾವುದು ಮೊದಲು ಯಾವುದು ಆಮೇಲೆ ಎನ್ನುವುದರಲ್ಲಿ. ಎಣ್ಣೆ, ಖಾರ, ಉಪ್ಪು ಮೊದಲು ಪುರಿಗೆ ಹತ್ತಬೇಕು. ಎಣ್ಣೆ ಒಂದು ಪದರ ಕಟ್ಟಿದರೆ ಮೇಲೆ ಬೀಳುವ ತರಕಾರಿಯ ನೀರು ಬೇಗ ಒಳಗಿಳಿಯುವುದಿಲ್ಲ. ನಿಂಬೆರಸ ಕಟ್ಟಕಡೆಗೆ. ಟೊಮೇಟೊ ಹಾಕುವುದಾದರೆ ಬೀಜದ ಲೋಳೆ ತೆಗೆದು ಬರೀ ತಿರುಳು ಹಾಕಬೇಕು. ಇದನ್ನು ತಿರುಗಾಮುರುಗಾ ಮಾಡಿ, ಮೊದಲು ಟೊಮೇಟೊ ಈರುಳ್ಳಿ ಹಿಸುಕಿ ಆಮೇಲೆ ಪುರಿ ಸುರಿಯುವವರೂ ಇದ್ದಾರೆ. ಅದು ಕೈಗೆ ಬರುವಷ್ಟರಲ್ಲೇ ಮೆತ್ತಗಾಗಿರುತ್ತದೆ.

ನಂದಿಯಲ್ಲಿ ಇನ್ನೊಂದು ತೊಂದರೆ ಮಂಜು. ಬೆಳಗ್ಗೆ ಏಳಕ್ಕೆ ಮೋಡವೇ ಮೈಮೇಲೆ ಬಂದಂತಿರುವಾಗ ಬಾಯ್ತೆರೆದ ಚೀಲದಲ್ಲಿಟ್ಟ ಪುರಿ ತೇವ ಹೀರಿಕೊಂಡು ಬೇಗ ಕೆಡುತ್ತದೆ. ಮುಚ್ಚಳ ಬಿಗಿಯಾದ ತಗಡಿನ ಡಬ್ಬದಿಂದ ತೆಗೆದರೆ ಮಾತ್ರ ತಗೊಳ್ಳಿ. ಅನುಮಾನವಿದ್ದರೆ ನಾಲ್ಕು ಕಾಳು ಕೇಳಿ ಬೆರಳಲ್ಲಿ ಒತ್ತಿ ನೋಡಿ. ಪುಡಿಯಾದರೆ ಸರಿ, ಬಾಗಿದರೆ ಮುಂದಿನ ಅಂಗಡಿ. ಕಲಸಿಕೊಟ್ಟ ಮೇಲೆ ಫೋಟೊ ತೆಗೆಯುತ್ತಾ ನಿಲ್ಲಬೇಡಿ, ಮೂರ್ನಾಲ್ಕು ನಿಮಿಷದಲ್ಲಿ ಮುಗಿಸಿ.

ಸುಟ್ಟ ಮುಸುಕಿನ ಜೋಳ ನಿಜವಾಗಿಯೂ ಕೊರಗಬೇಕಾದ ನಷ್ಟ. ಇದ್ದಿಲ ಒಲೆ ಕಡಿಮೆಯಾಗಿ ಕಪ್ಪಿನಲ್ಲಿ ಬೆಣ್ಣೆ ಮಸಾಲೆ ಹಾಕಿದ ಸ್ವೀಟ್ ಕಾರ್ನ್ ಎಲ್ಲೆಲ್ಲೂ ಬಂದಿದೆ. ಅದು ಹಾಳಲ್ಲ, ಆದರೆ ಬೆಂಗಳೂರಿನ ಯಾವ ಮಾಲ್‌ನಲ್ಲಿ ತಿಂದರೂ ಅದೇ ರುಚಿ. ಅದನ್ನು ತಿನ್ನೋಕೆ ಇಷ್ಟು ತಿರುವು ಹತ್ತಿ ಬರಬೇಕಿಲ್ಲ. ಇದ್ದಿಲಿಗೆ ನಾಟಿ ಜೋಳವೇ ಬೇಕು; ಸ್ವೀಟ್ ಕಾರ್ನ್‌ನಲ್ಲಿ ನೀರು ಜಾಸ್ತಿ, ಕೆಂಡದ ಮೇಲೆ ಕಾಳು ಸುಕ್ಕಾಗುತ್ತದೆ. ತೆನೆ ನೀವೇ ಆರಿಸಿ: ಸಿಪ್ಪೆ ಹಸಿರಾಗಿದ್ದು ತುದಿಯ ಕೂದಲು ಕಂದಾಗಿರಬೇಕು, ಉಗುರಿನಿಂದ ಕಾಳು ಚುಚ್ಚಿದರೆ ಹಾಲು ಬರಬೇಕು. ಹಾಲಿನ ಬದಲು ಹಿಟ್ಟು ಬಂದರೆ ಬಲಿತಿದೆ, ಬೇಯಿಸಲು ಆದೀತು, ಸುಡಲು ಬೇಡ. ಕಿತ್ತ ಮೇಲೆ ಜೋಳದ ಸಕ್ಕರೆ ನಿಧಾನವಾಗಿ ಪಿಷ್ಟವಾಗುತ್ತಾ ಹೋಗುವುದರಿಂದ ಹಿಂದಿನ ದಿನದ ತೆನೆ ಎಷ್ಟೇ ಸುಟ್ಟರೂ ಸಪ್ಪೆ. ಕೆಂಡದ ಮೇಲೆ ತೆಳ್ಳಗೆ ಬೂದಿ ಕಟ್ಟಿದಾಗ ಇಟ್ಟು, ತಿರುಗಿಸುತ್ತಾ ಐದಾರು ನಿಮಿಷ ಸುಡಬೇಕು. ಜನ ಜಾಸ್ತಿಯಾದಾಗ ಬೀಸಣಿಗೆ ಬೀಸಿ ಉರಿ ಎಬ್ಬಿಸುತ್ತಾರೆ, ಆಗಲೇ ಮೇಲೆ ಕಪ್ಪು, ಒಳಗೆ ಹಸಿ. "ಉರಿ ಇಳೀಲಿ ಅಣ್ಣ, ಕಾಯ್ತೀವಿ" ಎಂದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಈ ಸೀಮೆಯಲ್ಲಿ ಅರ್ಧ ವ್ಯಾಪಾರ ತೆಲುಗಿನಲ್ಲೇ ನಡೆಯುತ್ತದೆ, ತೆಲುಗಿನಲ್ಲಿ ಹೇಳಿದರೆ ನಿಂಬೆಹೋಳು ಸ್ವಲ್ಪ ದೊಡ್ಡದೇ ಬಂದರೂ ಬಂದೀತು.

ಟೀ ವಿಷಯದಲ್ಲಿ ಒಂದು ನಂಬಿಕೆ ಇದೆ, ಎತ್ತರದಲ್ಲಿ ನೀರು ಸರಿಯಾಗಿ ಕಾಯುವುದಿಲ್ಲ, ಅದಕ್ಕೇ ಟೀ ಚೆನ್ನಾಗಿರುವುದಿಲ್ಲ ಅಂತ. ನಂದಿಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್. ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿ ಇಳಿಯುವ ಲೆಕ್ಕದಲ್ಲಿ ಇಲ್ಲಿ ನೀರು ಸುಮಾರು 95 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರಿನಲ್ಲೇ 97ರ ಆಸುಪಾಸು. ಎರಡು ಡಿಗ್ರಿಯ ವ್ಯತ್ಯಾಸಕ್ಕೆ ಟೀ ಕೆಡುವುದಿಲ್ಲ. ಟೀ ಕೆಡಿಸುವುದು ಗಾಳಿ ಮತ್ತು ಕ್ಯಾನು. ಒಲೆಯ ಮೂರು ಕಡೆ ತಗಡು ಕಟ್ಟದಿದ್ದರೆ ಉರಿ ಒಂದೇ ಪಕ್ಕಕ್ಕೆ ವಾಲಿ ಹಾಲು ಕುದಿಯುವುದೇ ಇಲ್ಲ. ಇನ್ನು ಐದು ಗಂಟೆಗೆ ಮಾಡಿ ಕ್ಯಾನಿಗೆ ತುಂಬಿದ ಟೀ ಎಂಟು ಗಂಟೆಗೆ ಕಹಿಯಾಗದೆ ಇರುತ್ತದೆಯೇ? ಪಾತ್ರೆಯಿಂದ ಸೋಸಿ ಕೊಡುವ ಕಡೆ ಹೋಗಿ. ಶುಂಠಿ ಟೀ ಕೇಳಿದಾಗ ಕಣ್ಣಿಟ್ಟು ನೋಡಿ: ಜಜ್ಜಿದ ಶುಂಠಿ ಮೊದಲು ನೀರಲ್ಲಿ ಕುದ್ದು, ಆಮೇಲೆ ಹಾಲು ಬೀಳಬೇಕು. ಹಸಿ ಶುಂಠಿಯಲ್ಲಿ ಹಾಲನ್ನು ಒಡೆಯುವ ಕಿಣ್ವ ಇದೆ, ನೀರಲ್ಲಿ ಕುದ್ದರೆ ಅದರ ಶಕ್ತಿ ಹೋಗುತ್ತದೆ. ಟೀಯಲ್ಲಿ ಸಣ್ಣ ಸಣ್ಣ ಗಸಿ ಕಂಡರೆ ಹಾಲಿನವರನ್ನು ಬೈಯಬೇಡಿ.

ಬಜ್ಜಿಗೆ ಪೂರ್ತಿ ಅಂಕ ಕೊಡಲಾಗದು. ಹಿಟ್ಟು ಬಹಳ ಕಡೆ ಚೆನ್ನಾಗಿಯೇ ಇರುತ್ತದೆ, ಕಡ್ಲೆಹಿಟ್ಟಿಗೆ ಒಂದಿಷ್ಟು ಅಕ್ಕಿಹಿಟ್ಟು, ಓಂಕಾಳು, ಚಿಟಿಕೆ ಸೋಡ. ಸೋಲುವುದು ಬಾಣಲೆಯಲ್ಲಿ. ಲೀಟರ್ ಎಣ್ಣೆಯ ಸಣ್ಣ ಬಾಣಲೆಗೆ ಒಂದು ಸಲಕ್ಕೆ ಐದಾರು ಮೆಣಸಿನಕಾಯಿ ಸಾಕು. ಶನಿವಾರ ಭಾನುವಾರ ಹತ್ತು ಹನ್ನೆರಡು ಹಾಕುತ್ತಾರೆ, ಎಣ್ಣೆ ತಣ್ಣಗಾಗುತ್ತದೆ, ಬಜ್ಜಿ ಎಣ್ಣೆ ಕುಡಿಯುತ್ತದೆ. ಎಣ್ಣೆ ಕಪ್ಪಾಗಿ ಅಂಚಲ್ಲಿ ನೊರೆ ನಿಂತಿದ್ದರೆ ಅಲ್ಲಿಂದ ಹೊರಡಿ. ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟುವ ಪೋಲಾರ್ ಸಂಯುಕ್ತ ಕರಿದ ಎಣ್ಣೆಯಲ್ಲಿ ಶೇ 25 ಮೀರಬಾರದು ಎಂಬ ಕೇಂದ್ರದ ನಿಯಮ 2018ರ ಜುಲೈಯಿಂದಲೇ ಇದೆ. ಆದರೆ ಅಳೆಯುವ ಯಂತ್ರ ನಮ್ಮ ಕೈಯಲ್ಲಿ ಇರುವುದಿಲ್ಲ, ಕಣ್ಣು ಮೂಗೇ ಗತಿ. ವಾರದ ದಿನ ಬೆಳಗ್ಗೆ ಮೊದಲ ಬಾಣಲೆಯ ಬಜ್ಜಿ ಸಿಕ್ಕಿದರೆ ಮಾತ್ರ ತಿನ್ನಿ. ಮ್ಯಾಗಿ ಬಗ್ಗೆ ಬರೆಯುವಂಥದ್ದೇನಿಲ್ಲ, ಮನೆಯಲ್ಲಿ ಮಾಡಿದ ಹಾಗೇ ಇರುತ್ತದೆ.

ಇನ್ನು ಹಳೇ ಕಾಲದ ನೆನಪಿನಲ್ಲಿ ಎಲ್ಲರೂ ಎತ್ತುವ ನ್ಯೂಸ್‌ಪೇಪರ್ ಪೊಟ್ಟಣ. ಚೆಂದ ಇತ್ತು, ಒಪ್ಪೋಣ. ಆದರೆ ಮುದ್ರಣದ ಶಾಯಿ ಆಹಾರಕ್ಕೆ ಹತ್ತುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಬಿಸಿ ಎಣ್ಣೆಯ ಬಜ್ಜಿಗೆ ಅದು ಇನ್ನೂ ಕೆಟ್ಟದ್ದು. ಚುರುಮುರಿಗೆ ಬಿಳಿ ಕಾಗದದ ಪೊಟ್ಟಣ, ಇಲ್ಲವೇ ಅಡಿಕೆ ಹಾಳೆ ತಟ್ಟೆ ಇರುವ ಕಡೆ ಹೋಗಿ. ಮನೆಯಿಂದ ಒಂದು ಸ್ಟೀಲ್ ಡಬ್ಬಿ ಒಯ್ದರೆ ಇನ್ನೂ ಒಳ್ಳೆಯದು, ಅದರಲ್ಲೇ ಕಲಸಿಕೊಡುತ್ತಾರೆ. ಡಬ್ಬಿಗೆ ಮುಚ್ಚಳ ಇರಲಿ, ಕೋತಿಗಳಿವೆ. ಅವಕ್ಕೆ ಕವರಿನ ಸದ್ದು ಗೊತ್ತು, ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ನಡೆದರೆ ನೇರ ನಿಮ್ಮ ಹತ್ತಿರವೇ ಬರುತ್ತವೆ. ಸೌತೆಕಾಯಿ ತಿನ್ನುವುದಾದರೆ ನಿಮ್ಮೆದುರೇ ಸೀಳಿಸಿ ಉಪ್ಪುಖಾರ ಹಚ್ಚಿಸಿಕೊಳ್ಳಿ. ಮೊದಲೇ ಹಚ್ಚಿಟ್ಟದ್ದು ಉಪ್ಪಿಗೆ ನೀರು ಬಿಟ್ಟು ಜೋಲು ಬಿದ್ದಿರುತ್ತದೆ, ಮೇಲೆ ನೊಣ ಬೇರೆ.

ಈ ಅಂಗಡಿಗಳು ಇದ್ದಕ್ಕಿದ್ದಂತೆ ಕಾಣೆಯಾಗುವುದಕ್ಕೆ ವ್ಯಾಪಾರ ಇಲ್ಲದ್ದೇ ಕಾರಣವಲ್ಲ. 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಕಿತ್ತುಹೋದಾಗ ಡಿಸೆಂಬರ್‌ವರೆಗೆ ಪ್ರವಾಸಿಗರಿಗೆ ಬೆಟ್ಟ ಮುಚ್ಚಿತ್ತು. ದಿನದ ದುಡಿಮೆಯವರಿಗೆ ಮೂರು ತಿಂಗಳು ಅಂದರೆ ಸಣ್ಣ ಮಾತಲ್ಲ. ಬೆಟ್ಟಕ್ಕೆ ರೋಪ್‌ವೇ ತರುವ ಯೋಜನೆಯೂ ಇದೆ. ರೋಪ್‌ವೇ ಸ್ಟೇಷನ್ನಿನ ಜೊತೆ ಫುಡ್ ಕೋರ್ಟ್ ಬಂದರೆ ಬರಲಿ, ಕೈ ತೊಳೆಯಲು ನೀರಾದರೂ ಸಿಗುತ್ತದೆ. ಆದರೆ ಅದರೊಳಗೆ ಬಾಡಿಗೆ ಕಟ್ಟಿ ಚುರುಮುರಿ ಡಬ್ಬ ಇಡುವುದು ಯಾರಿಗೂ ಗಿಟ್ಟುವುದಿಲ್ಲ. ಪುರಿಯಲ್ಲಿ ಲಾಭ ಅಷ್ಟು ಕಡಿಮೆ.

ಹೊಟ್ಟೆ ತುಂಬ ಊಟ ಬೇಕೆಂದರೆ ಮೇಲೆ ಹುಡುಕಬೇಡಿ. ಕೆಳಗೆ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನ ನೋಡಿಕೊಂಡು ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಸುತ್ತಮುತ್ತ ಮುದ್ದೆ ಊಟದ ಹೋಟೆಲ್ ವಿಚಾರಿಸಿ. ಬಸ್ಸಾರೋ ಉಪ್ಪುಸಾರೋ ಯಾವುದಿದ್ದರೂ ಸರಿ, ಮುದ್ದೆ ಮಾತ್ರ ಆಗತಾನೇ ಕಟ್ಟಿದ್ದಿರಬೇಕು. ಗಂಟೆ ಕಳೆದರೆ ಮೇಲೆ ಚಕ್ಕೆ ಕಟ್ಟುತ್ತದೆ.

ವಾಪಸು ಬರುವಾಗ ದ್ರಾಕ್ಷಿ ಕಾಲವಾಗಿದ್ದರೆ ದಾರಿ ಬದಿಯ ಜ್ಯೂಸ್ ಬಿಡಬೇಡಿ. ಚಿಕ್ಕಬಳ್ಳಾಪುರ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿಗೆ ಈ ಸೀಮೆಯದೇ ಬೆಳೆ ಎಂಬ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ವರ್ಷಕ್ಕೆ ಎರಡು ಬೆಳೆ ಬರುತ್ತದೆ. ಬೀಜ ಇರುವ ಹಣ್ಣು ಇದು, ಮಿಕ್ಸಿಯಲ್ಲಿ ಒಂದೇ ಸಮ ಅರೆದರೆ ಬೀಜ ಒಡೆದು ಒಗರು ಕಹಿ ಇಳಿಯುತ್ತದೆ. ಮೂರ್ನಾಲ್ಕು ಸಲ ಗರ್ ಅನ್ನಿಸಿ ನಿಲ್ಲಿಸಿ, ಸೋಸಿ, ಚಿಟಿಕೆ ಉಪ್ಪು ಹಾಕಿದರೆ ಮುಗಿಯಿತು. ಸಕ್ಕರೆ ಪಾಕ ಬೇಡ ಎಂದು ಮೊದಲೇ ಹೇಳಿ, ಐಸ್ ಕೂಡ ಬೇಡ ಅನ್ನಿ. ಲೋಟದಲ್ಲಿ ರಸ ಇನ್ನೆರಡು ಗುಟುಕು ಜಾಸ್ತಿಯೇ ಹಿಡಿಯುತ್ತದೆ.