ಕಾಶ್ಮೀರದ ಸರೋವರಗಳ ಚಾರಣ: ಹುಬ್ಬಳ್ಳಿಯಿಂದ ಕರೆದೊಯ್ಯುವ ಸೇವೆಯೊಂದರ ವಿಮರ್ಶೆ

ಕಾಶ್ಮೀರದ ಸೋನಾಮಾರ್ಗ್‌ನಿಂದ ಹೊರಟು ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಸತ್‌ಸರ್, ಗಂಗಾಬಲ್ ಮತ್ತು ನುಂದ್‌ಕೋಲ್ ಸರೋವರಗಳನ್ನು ದಾಟಿ ನಾರಾನಾಗ್‌ನಲ್ಲಿ ಇಳಿಯುವ, ಸುಮಾರು 70 ಕಿಲೋಮೀಟರ್ ಉದ್ದದ ಚಾರಣಕ್ಕೆ ಈಗ ಹುಬ್ಬಳ್ಳಿ-ಧಾರವಾಡದಿಂದಲೇ ತಂಡ ಕಟ್ಟಿ ಕರೆದೊಯ್ಯುವವರಿದ್ದಾರೆ. ಹುಬ್ಬಳ್ಳಿಯ ಅಂಥ ಒಂದು ಸಂಸ್ಥೆಯ ತಂಡದಲ್ಲಿ ಶ್ರಾವಣದ ಹೊತ್ತಿಗೆ ಹೋಗಿ ಬಂದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಏಕೆಂದರೆ ನನ್ನ ಮುಖ್ಯ ಆಕ್ಷೇಪ ಅವರು ಹಾಕಿಕೊಂಡ ದಿನಗಳ ಲೆಕ್ಕದ ಮೇಲಿದ್ದು, ಅದೇ ಲೆಕ್ಕದ ಕರಪತ್ರಗಳನ್ನು ಬೇರೆಯವರ ಹೆಸರಿನಲ್ಲೂ ನೋಡಿದ್ದೇನೆ. ಅಡುಗೆ, ಡೇರೆ, ಸಿಬ್ಬಂದಿ, ಈ ಮೂರರಲ್ಲೂ ಸೇವೆ ಒಳ್ಳೆಯದಿತ್ತು. ಆದರೆ ದೇಹ ಎತ್ತರಕ್ಕೆ ಒಗ್ಗಿಕೊಳ್ಳಲು ಬೇಕಾದ ಒಂದು ದಿನವನ್ನು ದಾರಿಯಿಂದ ಕಿತ್ತು, ಕೊನೆಗೆ ಶ್ರೀನಗರದಲ್ಲಿ ಶಿಕಾರಾ ದೋಣಿಯ ಸವಾರಿಗೂ ಶಾಲು ಖರೀದಿಗೂ ಇಟ್ಟಿದ್ದು ಕ್ಷಮಿಸುವಂಥದ್ದಲ್ಲ.

ಹೊರಡುವ ಮುಂಚಿನ ತಯಾರಿಯನ್ನು ಅವರು ಶಿಸ್ತಿನಿಂದ ಮಾಡಿಸಿದರು. ರಕ್ತದೊತ್ತಡ ಮತ್ತು ಇಸಿಜಿ ವರದಿಯೊಂದಿಗೆ ವೈದ್ಯರ ಪ್ರಮಾಣಪತ್ರ ಕೊಡದವರ ಮುಂಗಡವನ್ನೇ ಸ್ವೀಕರಿಸಲಿಲ್ಲ. ಭಾನುವಾರಗಳಂದು ಉಣಕಲ್ಲಿನ ನೃಪತುಂಗ ಬೆಟ್ಟಕ್ಕೆ, ಒಮ್ಮೆ ಗದಗಿನ ಕಪ್ಪತಗುಡ್ಡಕ್ಕೆ ನಡೆಸಿದರು. ನೃಪತುಂಗ ಬೆಟ್ಟ ಮುಂಜಾನೆಯ ವಾಯುವಿಹಾರಕ್ಕೆ ಸರಿಯೇ ಹೊರತು ಚಾರಣದ ತಯಾರಿಗೆ ಸಾಲದು. ಬೆನ್ನಿಗೆ ಚೀಲ ಹೊತ್ತು ಕಪ್ಪತಗುಡ್ಡದ ಏರಿಳಿತಗಳಲ್ಲಿ ನಡೆದದ್ದೇ ನಿಜವಾಗಿ ಉಪಯೋಗಕ್ಕೆ ಬಂದದ್ದು. ಆದರೂ ಇಲ್ಲಿ ಪಳಗುವುದು ಕಾಲು ಮತ್ತು ಉಸಿರು ಮಾತ್ರ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವ ನಮ್ಮ ಊರುಗಳಲ್ಲಿ ಎಷ್ಟು ನಡೆದರೂ ಎತ್ತರದ ಅಭ್ಯಾಸವಾಗುವುದಿಲ್ಲ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೂ 2,000 ಮೀಟರಿನ ಒಳಗೇ ಇದೆ. ಈ ಚಾರಣ ಶುರುವಾಗುವ ಸೋನಾಮಾರ್ಗ್ ಸುಮಾರು 2,700 ಮೀಟರ್ ಎತ್ತರದಲ್ಲಿದೆ.

ದಿನಗಳ ಲೆಕ್ಕ ಏಕೆ ಮುಖ್ಯವೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇಕಡಾ 21ರಷ್ಟೇ ಉಳಿದರೂ ವಾಯುಭಾರ ಇಳಿಯುವುದರಿಂದ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಈ ದಾರಿಯ ಅತಿ ಎತ್ತರದ ಜಾಗವಾದ ಗಡ್‌ಸರ್ ಪಾಸ್ (ಪಾಸ್ ಎಂದರೆ ಬೆಟ್ಟದ ಸಾಲನ್ನು ದಾಟುವ ಎತ್ತರದ ಕಣಿವೆದಾರಿ) ಸುಮಾರು 4,200 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ ವಾಯುಭಾರ ಸಮುದ್ರಮಟ್ಟದಲ್ಲಿರುವುದರ ಶೇಕಡಾ 60ರ ಆಸುಪಾಸಿನಲ್ಲಿರುತ್ತದೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿಯ ದಿನ ಇರಬೇಕು ಎಂಬುದು ಪರ್ವತ ವೈದ್ಯಕೀಯದ ಸಾಮಾನ್ಯ ಸೂಚನೆ. ಈ ದಾರಿಯಾದರೋ ಮೊದಲ ದಿನವೇ ಸೋನಾಮಾರ್ಗ್‌ನಿಂದ ಸುಮಾರು 3,500 ಮೀಟರಿನ ನಿಚ್‌ನಾಯ್ ಬಿಡಾರಕ್ಕೆ ಏರಿಸುತ್ತದೆ. ಮರುದಿನ 4,000 ಮೀಟರ್ ಮೀರಿದ ನಿಚ್‌ನಾಯ್ ಪಾಸನ್ನು ದಾಟಿ, ಸುಮಾರು 3,700 ಮೀಟರಿನ ವಿಶನ್‌ಸರ್ ದಂಡೆಯಲ್ಲಿ ಮಲಗಬೇಕು. ಅವಸರದ ಈ ಏರಿಕೆಯ ಸಾಲವನ್ನು ತೀರಿಸಲೆಂದೇ ತಿಳಿದವರು ವಿಶನ್‌ಸರ್‌ನಲ್ಲಿ ಒಂದು ಇಡೀ ದಿನ ತಂಗುತ್ತಾರೆ. ನಮ್ಮ ಸಂಸ್ಥೆಯ ಪಟ್ಟಿಯಲ್ಲಿ ಆ ದಿನವೇ ಇರಲಿಲ್ಲ; ಮರುದಿನ ಬೆಳಗ್ಗೆಯೇ ಗಡ್‌ಸರ್ ಪಾಸ್ ಏರುವ ಯೋಜನೆಯಿತ್ತು.

ಇಲ್ಲಿ ಇನ್ನೊಂದು ತೊಡಕೂ ಇದೆ. ದೇಹ ಒಗ್ಗಿಕೊಳ್ಳುವ ಮುಂಚೆಯೇ ಅವಸರದಿಂದ ಏರಿದಾಗ ಬರುವ ಎತ್ತರದ ಬೇನೆ ಬಲವಾದರೆ ಅದಕ್ಕಿರುವ ನಂಬಿಕಸ್ತ ಪರಿಹಾರ ಕೆಳಗಿಳಿಯುವುದು. ಆದರೆ ವಿಶನ್‌ಸರ್ ತಲುಪಿದ ಚಾರಣಿಗನಿಗೆ ಹಿಂದೆ ನಿಚ್‌ನಾಯ್ ಪಾಸ್, ಮುಂದೆ ಗಡ್‌ಸರ್ ಪಾಸ್. ಯಾವ ಕಡೆಗೆ ಇಳಿಯಬೇಕಾದರೂ ಮೊದಲು ಏರಲೇಬೇಕು. ಅದಕ್ಕೇ ಉಳಿದ ಚಾರಣಗಳಲ್ಲಿ ಹೇಗೋ ನಡೆದುಹೋಗುವ ಅವಸರ ಈ ದಾರಿಯಲ್ಲಿ ನಡೆಯುವುದಿಲ್ಲ.

ನಮ್ಮ ತಂಡದಲ್ಲಿದ್ದ ಗದಗಿನ ಶಿಕ್ಷಕಿಯೊಬ್ಬರಿಗೆ ವಿಶನ್‌ಸರ್ ತಲುಪಿದ ಸಂಜೆ ತಲೆನೋವು, ವಾಂತಿ ಶುರುವಾದವು. ಇಂಥ ಹೊತ್ತಿನಲ್ಲಿ ತಂಡದ ಮುಂದಾಳು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆಯೇ ಸೇವೆಯ ಬೆಲೆ ನಿಂತಿರುತ್ತದೆ. ನಮ್ಮ ಮುಂದಾಳು ಹುಬ್ಬಳ್ಳಿಯ ಹುಡುಗ, ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾದರು. ದಿನಕ್ಕೆರಡು ಸಲ ಎಲ್ಲರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಆಮ್ಲಜನಕದ ಮಟ್ಟವನ್ನು ಪುಟ್ಟ ವಹಿಯಲ್ಲಿ ಬರೆದುಕೊಳ್ಳುವುದು ಅವರ ವಾಡಿಕೆಯಾಗಿತ್ತು. ಅಂದು ಆ ಶಿಕ್ಷಕಿಯ ಅಂಕಿ ತೀರ ಕೆಳಗೆ ತೋರಿಸಿದಾಗ ಗಾಬರಿಗೊಳ್ಳದೆ, “ಅಕ್ಕಾರ, ಮೊದಲ ಕೈ ಬೆಚ್ಚಗ ಮಾಡ್ಕೋರಿ, ತಣ್ಣನ ಬೆರಳಿಗೆ ಇದು ಸುಳ್ಳ ಹೇಳತೈತ್ರಿ” ಎಂದು ಬಿಸಿ ಚಹಾದ ಲೋಟವನ್ನು ಕೈಗಿತ್ತರು. ಉಗುರುಬಣ್ಣ ಹಚ್ಚಿದ್ದ ಬೆರಳನ್ನು ಬಿಟ್ಟು ಬೇರೆ ಬೆರಳಿಗೆ ಹಾಕಿ ಮತ್ತೊಮ್ಮೆ ನೋಡಿದರು. ಅಂಕಿ ಸುಧಾರಿಸಿತು, ತಲೆನೋವು ಇಳಿಯಲಿಲ್ಲ. ರಾತ್ರಿಯೇ ಸ್ಥಳೀಯ ಮಾರ್ಗದರ್ಶಿಯೊಂದಿಗೆ ಮಾತಾಡಿ, ಮರುದಿನ ಇಡೀ ತಂಡ ಅಲ್ಲೇ ತಂಗುವುದೆಂದು ತೀರ್ಮಾನಿಸಿದರು. ಶಿಕಾರಾ ಸವಾರಿ ತಪ್ಪಿತೆಂದು ಕೆಲವರು ಗೊಣಗಿದರು, ಅದಕ್ಕೆ ಕಿವಿಗೊಡಲಿಲ್ಲ. ಒಂದು ದಿನದ ವಿಶ್ರಾಂತಿಯಲ್ಲಿ ಶಿಕ್ಷಕಿ ಚೇತರಿಸಿಕೊಂಡು ಗಡ್‌ಸರ್ ಪಾಸನ್ನು ತಾವೇ ನಡೆದು ದಾಟಿದರು. ಪಟ್ಟಿಯಲ್ಲಿ ಮೊದಲೇ ಇರಬೇಕಾಗಿದ್ದ ದಿನವನ್ನು ಸಂಬಳದ ನೌಕರರೊಬ್ಬರು ತಮ್ಮ ಜವಾಬ್ದಾರಿಯ ಮೇಲೆ ತುಂಬಿಕೊಡಬೇಕಾಯಿತು. ಊರಿಗೆ ಮರಳಿದ ಮೇಲೆ ಸಂಸ್ಥೆ ಮಾಡಿದ್ದೇನೆಂದರೆ, ಶ್ರೀನಗರದಲ್ಲಿ ನಾವು ಉಳಿಯದ ರಾತ್ರಿಯ ಹೋಟೆಲ್ ಹಣವನ್ನು ಹಿಂದಿರುಗಿಸದೆ, ಸಾಮಾನು ಹೊರುವ ಕುದುರೆಗಳ ಒಂದು ದಿನದ ಹೆಚ್ಚುವರಿ ಬಾಡಿಗೆಯನ್ನು ನಮ್ಮಿಂದಲೇ ವಸೂಲಿ ಮಾಡಿತು.

ಊಟದ ವಿಷಯದಲ್ಲಿ ದೂರಿಲ್ಲ. “ಹಿಮಾಲಯದಲ್ಲೂ ಜೋಳದ ರೊಟ್ಟಿ” ಎಂಬ ಅವರ ಜಾಹೀರಾತನ್ನು ನೋಡಿ ನಾನು ನಕ್ಕಿದ್ದೆನಾದರೂ, ಅದರಲ್ಲಿ ಲೆಕ್ಕಾಚಾರವಿತ್ತು. 3,500 ಮೀಟರ್ ಎತ್ತರದಲ್ಲಿ ನೀರು 88 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ಬೇಳೆಯಾಗಲಿ ಅಕ್ಕಿಯಾಗಲಿ ಕುಕ್ಕರ್ ಇಲ್ಲದೆ ಬೇಗ ಬೇಯುವುದಿಲ್ಲ, ಗ್ಯಾಸ್ ಕುದುರೆಯ ಬೆನ್ನಿನ ಮೇಲೆಯೇ ಬರಬೇಕು. ಒಣಗಿಸಿದ ಕಟಕ ರೊಟ್ಟಿಗೆ, ಶೇಂಗಾ ಚಟ್ನಿಗೆ, ಗುರೆಳ್ಳು ಚಟ್ನಿಗೆ ಒಲೆಯ ಹಂಗಿಲ್ಲ. ನಿಚ್‌ನಾಯ್ ಪಾಸಿನ ನೆತ್ತಿಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು ಗೋಧಿ-ಬೆಲ್ಲದ ಸಿಹಿಯಾದ ಮಾದ್ಲಿ ತಿಂದವರು ಚಾಕೊಲೇಟ್ ಪಟ್ಟಿಗಳನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಆದರೆ ಕುದುರೆಯ ಹೊರೆಯಲ್ಲಿ ರೊಟ್ಟಿ ಪುಡಿಯಾಗುತ್ತದೆ, ಅಲ್ಲಿನ ಒಣಗಾಳಿಗೆ ಮೊದಲೇ ಆರಿದ ಗಂಟಲಿಗೆ ಬರಿಯ ಕಟಕ ರೊಟ್ಟಿ ಇಳಿಯುವುದೂ ಕಷ್ಟ. ಕಾಶ್ಮೀರಿ ಅಡುಗೆಯವರು ರಾಜ್ಮಾ ಸಾರಿನಲ್ಲಿ ಆ ಚೂರುಗಳನ್ನು ನೆನೆಸಿ ಬಡಿಸಲು ತೊಡಗಿದ ಮೇಲೆ ಯಾರೂ ಉಳಿಸಲಿಲ್ಲ.

ಸರೋವರಗಳ ಬಗ್ಗೆ ಕರಪತ್ರ ಹೇಳಿದ್ದು ಕಡಿಮೆಯೇ ಆಯಿತು. ಬೆಳಗಿನಲ್ಲಿ ಹಸಿರಾಗಿದ್ದ ವಿಶನ್‌ಸರ್ ಬಿಸಿಲೇರಿದಂತೆ ಗಾಢ ನೀಲಿಗೆ ತಿರುಗುತ್ತದೆ. ದಂಡೆಯ ತಿಳಿನೀರಿನಲ್ಲಿ ಟ್ರೌಟ್ ಮೀನುಗಳು ಕಲ್ಲಿನ ನೆರಳಿಂದ ನೆರಳಿಗೆ ಜಾರುವುದು ಬರಿಗಣ್ಣಿಗೇ ಕಾಣುತ್ತದೆ. ಈ ನೀರೇ ಹರಿದು ಕಿಶನ್‌ಗಂಗಾ ನದಿಯಾಗುತ್ತದೆ. ಗಡ್‌ಸರ್ ಪಾಸಿನ ಏರಿನಲ್ಲಿ ನಿಂತು ತಿರುಗಿ ನೋಡಿದರೆ ಕಿಶನ್‌ಸರ್ ಮತ್ತು ವಿಶನ್‌ಸರ್ ಎರಡೂ ಒಂದರ ಕೆಳಗೊಂದು ಕಾಣುತ್ತವೆ. ಏದುಸಿರು ಬಿಡುತ್ತ ನಿಲ್ಲಲು ಅದಕ್ಕಿಂತ ಒಳ್ಳೆಯ ನೆವ ಬೇಕಿಲ್ಲ. ಸತ್‌ಸರ್ ಆ ಋತುವಿನಲ್ಲಿ ನೀರು ಇಳಿದು ಸೊರಗಿತ್ತು. ಸತ್‌ಸರ್ ಮುಗಿದ ಮೇಲೆ ಬರುವ ಬಂಡೆಗಳ ಹಾಸು ಮಳೆ ಬಿದ್ದಾಗ ಜಾರುತ್ತದೆಯಾದ್ದರಿಂದ ಅಲ್ಲಿ ಮಾರ್ಗದರ್ಶಿಯ ಕೈ ಬೇಕೇ ಬೇಕು. ಅದರಾಚೆಯ ಝಾಜ್ ಪಾಸಿನ ಮೇಲಿಂದ 5,142 ಮೀಟರಿನ ಹರಮುಖ ಪರ್ವತ ಮತ್ತು ಅದರ ಬುಡದಲ್ಲಿ ಗಂಗಾಬಲ್, ನುಂದ್‌ಕೋಲ್ ಒಟ್ಟಿಗೆ ಎದುರಾಗುತ್ತವೆ. ಕಾಶ್ಮೀರಿ ಪಂಡಿತರಿಗೆ ಗಂಗಾಬಲ್ ತೀರ್ಥಕ್ಷೇತ್ರ, ಅಗಲಿದವರ ಅಸ್ಥಿಯನ್ನು ಅವರು ತಂದು ಬಿಡುತ್ತಿದ್ದ ನೀರು ಅದು. ಈ ಸಂಗತಿಯನ್ನು ತಂಡಕ್ಕೆ ಮೊದಲೇ ತಿಳಿಸಿದ್ದರೆ ಅಲ್ಲಿ ಸಾಬೂನು ಹಚ್ಚಿ ಸ್ನಾನಕ್ಕಿಳಿಯುವ ಹುಮ್ಮಸ್ಸನ್ನು ಒಂದಿಬ್ಬರು ತಡೆದುಕೊಳ್ಳುತ್ತಿದ್ದರು.

ನೀರಿನ ಬಗೆಗಿನ ಉದಾಸೀನ ಸಂಸ್ಥೆಯ ಕಡೆಯಿಂದಲೂ ಇತ್ತು. ಶೌಚದ ಗುಂಡಿಯನ್ನು ನೀರಿನಿಂದ 60 ಮೀಟರ್ ದೂರದಲ್ಲಾದರೂ ತೋಡಬೇಕೆಂಬುದು ಚಾರಣದ ಸಾಮಾನ್ಯ ನಿಯಮವಾದರೂ, ನಿಚ್‌ನಾಯ್‌ನಲ್ಲಿ ಅದನ್ನು ತೊರೆಯ ಮಗ್ಗುಲಲ್ಲೇ ತೋಡಿದ್ದರು. ಕೇಳಿದ ಮೇಲೆ ಮಾತಿಲ್ಲದೆ ಸರಿಸಿದರೆಂಬುದು ನಿಜ, ಆದರೆ ಕೇಳುವ ತನಕ ಯಾಕೆ ಕಾಯಬೇಕಿತ್ತು? ಡೇರೆಗಳು ಮಳೆಗೆ ಸೋರಲಿಲ್ಲ. ಬಾಡಿಗೆಗೆ ಕೊಟ್ಟ ಮಲಗುಚೀಲಗಳು ಬೆಚ್ಚಗಿದ್ದವು, ತೊಳೆದು ಬಹಳ ದಿನವಾಗಿತ್ತು. ಒಳಗೊಂದು ಹತ್ತಿಯ ಹಾಸು ಒಯ್ಯುವುದು ಒಳ್ಳೆಯದು.

ಹೋಗುವವರಿಗೆ ಇನ್ನಷ್ಟು ಮಾಹಿತಿ. ಜುಲೈನಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ದಾರಿ ತೆರೆದಿರುತ್ತದೆ. ಧಾರವಾಡದಲ್ಲಿ ಜಿಟಿಜಿಟಿ ಹಿಡಿದಿರುವ ಆ ತಿಂಗಳುಗಳಲ್ಲಿ, ಮಾನ್ಸೂನಿನ ಬಹುಪಾಲನ್ನು ಪೀರ್ ಪಂಜಾಲ್ ಶ್ರೇಣಿ ತಡೆಯುವುದರಿಂದ ಅಲ್ಲಿ ಮಳೆ ಕಡಿಮೆ, ಆದರೂ ಮಳೆಕೋಟು ಕೈಗೆ ಸಿಗುವಂತಿರಲಿ. ದಾರಿಯ ಸೇನಾ ಶಿಬಿರಗಳಲ್ಲಿ ಗುರುತಿನ ಚೀಟಿ ಪರಿಶೀಲಿಸುತ್ತಾರೆ, ಆಧಾರ್‌ನ ಮೂಲ ಪ್ರತಿ ಜೊತೆಗಿರಬೇಕು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಇದ್ದರೂ ಸೋನಾಮಾರ್ಗ್ ಬಿಟ್ಟ ಮೇಲೆ ಮನೆಯವರಿಗೆ ಕರೆ ಮಾಡುವ ಮಾತು ಮರೆತುಬಿಡಬೇಕು.

ಗಂಗಾಬಲ್‌ನಿಂದ ನಾರಾನಾಗ್‌ಗೆ ಒಂದೇ ದಿನದಲ್ಲಿ 1,200 ಮೀಟರಿಗೂ ಹೆಚ್ಚು ಇಳಿಯಬೇಕು. ಪಾಸುಗಳಿಗಿಂತ ಮಂಡಿಗಳಿಗೆ ಈ ಇಳಿಜಾರೇ ಭಾರ. ಊರುಗೋಲು ಬಾಡಿಗೆಗೆ ಒಂದೇ ಸಾಕೆಂದು ಸಂಸ್ಥೆಯವರು ಹೇಳುತ್ತಾರೆ, ಎರಡನ್ನು ಕೇಳಿ ಪಡೆಯಿರಿ. ಮುಂಗಡ ಕಟ್ಟುವ ಮುಂಚೆ ವಿಶನ್‌ಸರ್‌ನಲ್ಲಿ ಎರಡು ರಾತ್ರಿ ತಂಗುವುದನ್ನೂ, ಹವಾಮಾನ ಅಥವಾ ಅನಾರೋಗ್ಯದಿಂದ ದಿನ ಹೆಚ್ಚಾದರೆ ಖರ್ಚು ಯಾರದೆಂಬುದನ್ನೂ ಬರವಣಿಗೆಯಲ್ಲಿ ಕೇಳಬೇಕು. ಒಪ್ಪದಿದ್ದರೆ ಒಪ್ಪುವ ಬೇರೆ ಸಂಸ್ಥೆಯನ್ನು ಹುಡುಕಬೇಕು. ಕುದುರೆಯವರಿಗೂ ಅಡುಗೆಯವರಿಗೂ ಕೊಡುವ ಬಕ್ಷೀಸು ಶುಲ್ಕದಲ್ಲಿ ಸೇರಿಲ್ಲವಾದ್ದರಿಂದ, ಅದಕ್ಕೆ ಬೇಕಾದ ನಗದನ್ನು ಶ್ರೀನಗರದಲ್ಲೇ ತೆಗೆದಿಟ್ಟುಕೊಂಡು ಹೊರಡುವುದು ಒಳ್ಳೆಯದು.