ಸೇಡಂ ರಸ್ತೆಯ ಅರ್ಜಿ ಅಂಗಡಿ: ಕೊನೆ ಸೆಮಿಸ್ಟರ್‌ನವರು ಹೋಗೋ ಮೊದಲು ಓದಿ

ಈ ಅಂಗಡಿಗೆ ಹೆಸರಿನ ಬೋರ್ಡೇ ಇಲ್ಲ. ‘ಆನ್‌ಲೈನ್ ಅರ್ಜಿ, ಝೆರಾಕ್ಸ್, ಲ್ಯಾಮಿನೇಷನ್’ ಅಂತ ಒಂದು ಫ್ಲೆಕ್ಸ್ ಇದೆ, ಅದೂ ಕಲಬುರಗಿ ಬಿಸಿಲಿಗೆ ಬಿಳಿಚಿ ಹೋಗಿದೆ. ಸೇಡಂ ರಸ್ತೆಯಲ್ಲಿ ಯೂನಿವರ್ಸಿಟಿ ಕಡೆ ಹೋಗುವಾಗ ಸಿಗುತ್ತದೆ. ಐದಾರು ತಿಂಗಳಿಂದ ನಾನು ಇಲ್ಲಿ ಖಾಯಂ ಗಿರಾಕಿ. ಬಿ.ಎಸ್‌ಸಿ ಆರನೇ ಸೆಮಿಸ್ಟರ್ ಅಂದ್ರೆ ಗೊತ್ತಲ್ವಾ, ಮನೆಗೆ ಬಂದವರೆಲ್ಲ ಚಹಾ ಕುಡಿದು ಮುಗಿಸೋ ಮೊದಲೇ ‘ಮುಂದೇನವ್ವಾ?’ ಅಂತ ಕೇಳುವ ಕಾಲ. ಅಪ್ಪನಿಗೆ ಬಿ.ಎಡ್ ಆಗಬೇಕು. ಬೆಂಗಳೂರಲ್ಲಿರುವ ಅಣ್ಣನಿಗೆ ನಾನು ಅಲ್ಲಿಗೆ ಬರಬೇಕು, 2024ರಿಂದ ವಂದೇ ಭಾರತ್ ಇದೆ, ಬೆಳಗಿನ ಜಾವ ಹತ್ತಿದ್ರೆ ಮಧ್ಯಾಹ್ನ ಬಂದು ಬೀಳ್ತೀಯಾ ಅಂತಾನೆ, ಬಂದು ಏನು ಮಾಡಬೇಕು ಅಂತ ಮಾತ್ರ ಹೇಳಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೆ ಕಣ್ಣಿಗೆ ಬಿದ್ದ ಅರ್ಜಿಯನ್ನೆಲ್ಲ ಹಾಕುತ್ತಾ ಹೋದೆ.

ರೇಟು ಕಮ್ಮಿ. ಒಂದು ಅರ್ಜಿಗೆ 50 ರೂಪಾಯಿ, ಪರೀಕ್ಷೆ ಶುಲ್ಕ ಬೇರೆ. ಸ್ಟೇಷನ್ ಕಡೆ ಇದೇ ಕೆಲಸಕ್ಕೆ 100 ಕೇಳಿದ್ದರು. ಫೋಟೊ, ಸಹಿ ಎರಡನ್ನೂ ಸೈಟ್ ಕೇಳಿದಷ್ಟು ಕೆಬಿಗೆ ಇಳಿಸಿ ನಮ್ಮ ಹೆಸರಲ್ಲೇ ಒಂದು ಫೋಲ್ಡರ್ ಮಾಡಿ ಇಡುತ್ತಾರೆ. ಮುಂದಿನ ಸಲ ಹೋಗಿ ಒಟಿಪಿ ಹೇಳಿದರೆ ಸಾಕು.

ಅಂಗಡಿಯವರು ಸುಮ್ನೆ ಟೈಪ್ ಮಾಡಿ ದುಡ್ಡು ಎಣಿಸುವವರಲ್ಲ. ಕಡಗಂಚಿಯ ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಎಂ.ಎಸ್‌ಸಿ ಮಾಡಬೇಕಾದರೆ ಸಿಯುಇಟಿ ಅನ್ನೋ ಪ್ರವೇಶ ಪರೀಕ್ಷೆಯ ಅರ್ಜಿಯನ್ನು ಚಳಿಗಾಲದಲ್ಲೇ ಹಾಕಬೇಕು, ರಿಸಲ್ಟ್ ಬರಲಿ ಅಂತ ಕಾದರೆ ಒಂದು ವರ್ಷ ಹೋಯಿತು ಅಂತ ನನಗೆ ಹೇಳಿದ್ದು ಕಾಲೇಜಲ್ಲ, ಇವರು. ಡಿಗ್ರಿ ಕೇಳುವ ಒಂದು ಸರ್ಕಾರಿ ಹುದ್ದೆಗೆ ಹಾಕ್ತೀನಿ ಅಂದಾಗ, ‘ಕೊನೆ ದಿನದೊಳಗ ಡಿಗ್ರಿ ಮುಗಿದಿರಬೇಕ್ರಿ ತಂಗಿ, ನಿಮ್ದು ಇನ್ನಾ ಆರನೇ ಸೆಮ್’ ಅಂತ ವಾಪಸ್ ಕಳಿಸಿದರು. 50 ರೂಪಾಯಿ ಅವರದೇ ಹೋಯಿತು.

ಆದರೆ ಒಂದು ತಪ್ಪು ಮಾಡಿದರು, ಅದಕ್ಕೆ ಒಂದು ಸ್ಟಾರ್ ಕಟ್. ಪಿಯುಸಿ ಮೇಲೆ ಕರೆಯುವ ಒಂದು ರಾಜ್ಯ ಸರ್ಕಾರಿ ಹುದ್ದೆಯ ಅರ್ಜಿ. ಅವತ್ತು ಕೊನೆ ದಿನ, ಸರ್ವರ್ ನಿಧಾನ, ಹಿಂದೆ ಹತ್ತು ಜನ. ಕಲ್ಯಾಣ ಕರ್ನಾಟಕದವರಿಗೆ ಇರುವ 371ಜೆ ಮೀಸಲಾತಿ ಬೇಕೇ ಅನ್ನೋ ಜಾಗದಲ್ಲಿ ‘ಇಲ್ಲ’ ಅಂತ ಒತ್ತಿಬಿಟ್ಟಿದ್ದಾರೆ. ಆ ಮೀಸಲಾತಿಯ ಸರ್ಟಿಫಿಕೇಟ್‌ಗೆ ಸಹಾಯಕ ಆಯುಕ್ತರ ಕಚೇರಿಗೆ ಎಷ್ಟು ಸಲ ಅಲೆದಿದ್ದೇನೆ ಅಂತ ನನಗೇ ಗೊತ್ತು. 2013ರಿಂದ ನಮ್ಮ ಭಾಗಕ್ಕೆ ಇರುವ ದೊಡ್ಡ ಆಸರೆ ಅದು, ಬೆಂಗಳೂರಿನ ರಾಜ್ಯಮಟ್ಟದ ಕಚೇರಿಗಳಲ್ಲೂ ಶೇ 8 ಹುದ್ದೆ ನಮಗೆ ಅಂತ ಇದೆ. ಹಣ ಕಟ್ಟೋ ಮೊದಲು ಸ್ಕ್ರೀನ್ ನನ್ನ ಕಡೆ ತಿರುಗಿಸಿ ಅಂತ ಹೇಳಿದ್ದಕ್ಕೆ ಕಣ್ಣಿಗೆ ಬಿತ್ತು. ‘ತಪ್ಪಾತ್ರಿ’ ಅಂದು ಮೊದಲಿಂದ ತುಂಬಿದರು, ಜಾಸ್ತಿ ದುಡ್ಡು ಕೇಳಲಿಲ್ಲ. ನೀವೂ ಸ್ಕ್ರೀನ್ ತಿರುಗಿಸಿಕೊಂಡೇ ನೋಡಿ, ಹಿಂದಿನವರು ಗೊಣಗಿದರೆ ಗೊಣಗಲಿ.

ಕಾಯುವುದಕ್ಕೆ ಹೊರಗೆ ಒಂದು ಬೆಂಚು ಇದೆ. ಫ್ಯಾನ್ ಇಲ್ಲ. ಅಲ್ಲಿ ಒಂದು ದಿನ ನನ್ನ ಪಕ್ಕ ಕೂತಿದ್ದವರು 545 ಪಿಎಸ್‌ಐ ಹುದ್ದೆಗೆ 2021ರಲ್ಲಿ ಪರೀಕ್ಷೆ ಬರೆದವರು. ಅಕ್ರಮ ಹೊರಬಿದ್ದು 2022ರಲ್ಲಿ ಆ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆ ಆಗೋ ಹೊತ್ತಿಗೆ 2024ರ ಜನವರಿ. ನಮ್ಮೂರಿನ ಪರೀಕ್ಷಾ ಕೇಂದ್ರದ ಹೆಸರೂ ಅದರಲ್ಲಿ ಬಂತು ಅನ್ನೋದನ್ನ ಇಲ್ಲಿ ಯಾರಿಗೂ ನೆನಪಿಸಬೇಕಿಲ್ಲ. ‘ಓದಿದ್ದನ್ನೇ ಓದ್ಕೋತ ಕುಂತೆ ನೋಡವಾ’ ಅಂದರು. ಕೈಯಲ್ಲಿ ಇನ್ನೊಂದು ಅರ್ಜಿ ಇತ್ತು.

ಅವತ್ತು ರಾತ್ರಿ ನನ್ನ ಫೈಲ್ ತೆಗೆದು ಎಣಿಸಿದೆ. ಏಳು ಅರ್ಜಿ. ಎರಡರ ಸಿಲಬಸ್ ಕೂಡ ನೋಡಿರಲಿಲ್ಲ. ನಿಜವಾಗಲೂ ಮನಸ್ಸಿದ್ದದ್ದು ಕಡಗಂಚಿಯದಕ್ಕೆ ಮಾತ್ರ. ಇಲ್ಲಿ ಅರ್ಜಿ ಹಾಕೋದು ಎಷ್ಟು ಸಲೀಸು ಅಂದ್ರೆ, ಹಾಕಿ ಬಂದ ದಿನ ಏನೋ ತೀರ್ಮಾನ ಮಾಡಿದ ಹಾಗೆ ಹಗುರ ಆಗುತ್ತಿತ್ತು. ಇದು ಅಂಗಡಿಯವರ ತಪ್ಪಲ್ಲ ಬಿಡಿ. ಮನೆಯಲ್ಲಿ ‘ಮುಂದೇನು’ ಅಂದಾಗ ‘ಹಾಕಿದ್ದೀನಿ’ ಅನ್ನೋದಕ್ಕೆ ನನಗೆ ಆ ಪ್ರಿಂಟ್‌ಗಳು ಬೇಕಿದ್ದವು.

ಇನ್ನೊಂದು ವಿಷಯ. ಅಂಗಡಿ ಬಾಗಿಲ ಚೌಕಟ್ಟಿನ ಮೇಲೆ ಸ್ಕೆಚ್ ಪೆನ್ನಲ್ಲಿ ಎರಡು ಗೆರೆ ಎಳೆದಿದ್ದಾರೆ, ಒಂದರ ಮುಂದೆ 157, ಇನ್ನೊಂದರ ಮುಂದೆ 168. ಪೊಲೀಸ್ ಕಾನ್‌ಸ್ಟೆಬಲ್ ಆಗೋಕೆ ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೆ ಬೇಕಾದ ಎತ್ತರ, ಸೆಂಟಿಮೀಟರ್‌ನಲ್ಲಿ. ಅರ್ಜಿ ಹಾಕೋರನ್ನ ಮೊದಲು ಅಲ್ಲಿ ನಿಲ್ಲಿಸುತ್ತಾರೆ. ನನ್ನ ಗೆಳತಿ ಚಪ್ಪಲಿ ಬಿಟ್ಟು ನಿಂತಳು, ಒಂದು ಬೆರಳಿನಷ್ಟು ಕಮ್ಮಿ. ‘ರೊಕ್ಕ ಹಾಳ್ ಮಾಡ್ಕೋಬ್ಯಾಡ್ರಿ’ ಅಂದರು. ಬೆಳಿಗ್ಗೆ ಎದ್ದಾಗ ಎತ್ತರ ಸ್ವಲ್ಪ ಜಾಸ್ತಿ ಇರುತ್ತೆ ಅಂತ ಯಾರೋ ಹೇಳಿದ್ದಕ್ಕೆ ಮರುದಿನ ಏಳೂವರೆಗೇ ಹೋಗಿ ಶಟರ್ ಮುಂದೆ ನಿಂತಿದ್ದಳು. ಅಂಗಡಿ ತೆರೆಯೋದು ಎಂಟಕ್ಕೆ.