ಅಪ್ಪನ ಮಡಚುವ ಚಾಕುವಿಗೆ ಯಾವುದು ಸರಿ? ಶಾರ್ಪನರ್, ಸಾಣೆ ಗಾಡಿ, ಸಾಣೆ ಕಲ್ಲು

ಅಪ್ಪ ಸದಾ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಮಡಚುವ ಚಾಕು ಇದು. ಅಲಗು ಮೊಂಡಾಗಿತ್ತು, ಕೀಲು ಬಿಗಿದಿತ್ತು. ಹರಿತ ಮಾಡಲು ಮೂರು ದಾರಿ ನೋಡಿದೆ. ನನ್ನ ಓಟು ಸಾಣೆ ಕಲ್ಲಿಗೆ.

ಮೊದಲು ಆನ್‌ಲೈನಲ್ಲಿ 350 ರೂಪಾಯಿ ಕೊಟ್ಟು ಶಾರ್ಪನರ್ ತರಿಸಿದೆ, ಸೀಳಿನಲ್ಲಿಟ್ಟು ಎಳೆಯುವಂಥದ್ದು. ಅಡುಗೆ ಚಾಕುವಿಗೆ ಪರವಾಗಿಲ್ಲ. ಮಡಚುವ ಚಾಕುವಿಗೆ ಬೇಡವೇ ಬೇಡ. ಸೀಳು ಇರುವುದು ಪ್ಲಾಸ್ಟಿಕ್ ಡಬ್ಬಿಯ ಒಳಗೆ. ಚಾಕುವಿನ ಹಿಡಿ ಬಂದು ಪ್ಲಾಸ್ಟಿಕ್ಕಿಗೆ ಬಡಿಯುತ್ತದೆ. ಅಲಗಿನ ಬುಡದ ಅರ್ಧ ಸೆಂಟಿಮೀಟರ್ ಸೀಳಿಗೆ ತಾಗುವುದೇ ಇಲ್ಲ.

ಇದು ಮೊದಲು ಗೊತ್ತಾಗಲಿಲ್ಲ. ಹರಿತ ಬರಲಿ ಅಂತ ಎಳೆಯುತ್ತಲೇ ಹೋದೆ. ಆಮೇಲೆ ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ ಮುಂದೆಲ್ಲ ಸವೆದಿದೆ, ಬುಡದಲ್ಲಿ ಮಾತ್ರ ಸಣ್ಣ ಉಬ್ಬು ನಿಂತಿದೆ. ದೇವನಹಳ್ಳಿ ಚಕ್ಕೋತದ ದಪ್ಪ ಸಿಪ್ಪೆ ಸೀಳುವಾಗ ನಾವು ಒತ್ತುವುದು ಬುಡದಿಂದಲೇ ಅಲ್ವಾ? ಅಲ್ಲೇ ಮೊಂಡು. ಅಪ್ಪನ ಚಾಕು ಸುಮ್ನೆ ಸವೆದದ್ದು ನೋಡಿ ತುಂಬಾ ಬೇಜಾರಾಯಿತು.

ಬೀದಿಗೆ ಬರುವ ಸಾಣೆ ಗಾಡಿಗೆ ಹಳೇ ತರಕಾರಿ ಚಾಕು ಕೊಟ್ಟು ನೋಡಿದೆ. ಐದೇ ನಿಮಿಷದಲ್ಲಿ ಹರಿತ. ಆದರೆ ತೆಳು ತುದಿ ಬಿಸಿಗೆ ನೀಲಿಯಾಗಿತ್ತು. ನೀಲಿ ಬಂತು ಅಂದರೆ ಉಕ್ಕಿನ ಹದ ಹೋಯಿತು. ಈಳಿಗೆಮಣೆಗಾದರೆ ಧಾರಾಳವಾಗಿ ಕೊಡುತ್ತೇನೆ, ಇದನ್ನು ಕೊಡಲಾರೆ.

ಕೊನೆಗೆ ಎಸ್.ಪಿ. ರಸ್ತೆ ಕಡೆ ಹೋದಾಗ ಹಾರ್ಡ್‌ವೇರ್ ಅಂಗಡಿಯಲ್ಲಿ 200 ರೂಪಾಯಿಗೆ ಕಾರ್ಬೊರಂಡಮ್ ಸಾಣೆ ಕಲ್ಲು ತಂದೆ. ಒಂದು ಬದಿ ಒರಟು, ಒಂದು ಬದಿ ನಯ. ಹಿಡಿಯನ್ನು ಕಲ್ಲಿನ ಅಂಚಿನಾಚೆ ಇಟ್ಟುಕೊಂಡರೆ ಬುಡದವರೆಗೂ ಮಸೆಯಬಹುದು. ನನಗೆ ಬೇಕಿದ್ದದ್ದು ಇದೇ. ಅಲಗು ಒಂದೂವರೆ ಸೆಂಟಿಮೀಟರ್ ಅಗಲ ಇದೆ. ಅದರ ಬೆನ್ನು ಅರ್ಧ ಸೆಂಟಿಮೀಟರ್ ಎತ್ತಿ ಹಿಡಿದರೆ ಸುಮಾರು 20 ಡಿಗ್ರಿ ಕೋನ ಸಿಗುತ್ತದೆ. ಒಂದು ಕಡೆ ಮಸೆದಾಗ ಇನ್ನೊಂದು ಕಡೆ ಅಂಚಿನುದ್ದಕ್ಕೂ ಸಣ್ಣ ತರಿ ಏಳುತ್ತದೆ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಸರಿಸಿದರೆ ಗೊತ್ತಾಗುತ್ತದೆ. ಆಗ ಮಗ್ಗುಲು ಬದಲಿಸಬೇಕು. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ನಾಲ್ಕು ಸಲ ಎಳೆದರೆ ಆ ತರಿ ಉದುರುತ್ತದೆ.

ಕೀಲಿಗೆ ಎರಡು ಹನಿ ಹೊಲಿಗೆ ಮಷಿನ್ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಹಾಕಬೇಡಿ. ಬೆಂಗಳೂರಿನ ಡಿಸೆಂಬರ್ ಚಳಿಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಕೀಲಿನಲ್ಲೂ ಹೆಪ್ಪುಗಟ್ಟುತ್ತದೆ.

ಕಲ್ಲಿಗೆ ಸಮಯ ಜಾಸ್ತಿ ಬೇಕು, ನಿಜ. ನನಗೆ ಭಾನುವಾರ ಬೆಳಿಗ್ಗೆ ಕಾಫಿ ಆದಮೇಲೆ ಬಾಲ್ಕನಿಯಲ್ಲಿ ಅರ್ಧ ಗಂಟೆ ಸಿಗುತ್ತದೆ. ಎರಡು ಭಾನುವಾರಕ್ಕೆ ಬುಡದ ಉಬ್ಬು ಮುಕ್ಕಾಲು ಭಾಗ ಇಳಿದಿದೆ. ಉಳಿದದ್ದು ಬರುವ ವಾರಕ್ಕೆ.